ನಾಯಿಯ ಮೊಣಕಾಲು ಚಿಪ್ಪು ಜಾರಿದರೆ: ಕಲಬುರಗಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕ ನಾಯಿ ಸಾಕಿದವರು ನಮ್ಮ ದವಾಖಾನೆಗೆ ಬಂದು ಕೇಳಿದ್ದು, ಬೀದರ್, ಯಾದಗಿರಿಯಿಂದ ಫೋನ್ ಮಾಡಿ ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ದರ್ಜೆಗಳ ಬಗ್ಗೆ ಇರುವ ಪ್ರಶ್ನೆ ಮತ್ತು ಮಾತ್ರೆಗಳ ಬಗ್ಗೆ ಇರುವ ಪ್ರಶ್ನೆ, ಇವೆರಡನ್ನಾದರೂ ಓದಿ.

"ಓಡತಾ ಓಡತಾ ಒಂದು ಹಿಂಗಾಲು ಮ್ಯಾಲ ಎತ್ತತದ್ರಿ, ನಾಲ್ಕು ಹೆಜ್ಜಿ ಕುಂಟತದ, ಆಮ್ಯಾಲ ಏನೂ ಆಗೇ ಇಲ್ಲ ಅನ್ನೋಹಂಗ ಓಡತದ. ಇದೇನ್ರಿ?"

ಪುಟ್ಟ ನಾಯಿಯಲ್ಲಿ ಹೀಗೆ ಕಂಡರೆ ಮೊದಲು ಅನುಮಾನ ಬರುವುದು ಮೊಣಕಾಲು ಚಿಪ್ಪಿನ ಮೇಲೆ. ಡಾಕ್ಟರು ಇದನ್ನು ಪಟೆಲ್ಲರ್ ಲಕ್ಸೇಷನ್ ಅಂತ ಚೀಟಿಯಲ್ಲಿ ಬರೆಯುತ್ತಾರೆ. ತೊಡೆ ಎಲುಬಿನ ಕೆಳತುದಿಯಲ್ಲಿ ಒಂದು ಉದ್ದನೆಯ ತಗ್ಗು ಇರುತ್ತದೆ. ಕಾಲು ಮಡಿಚಿದರೂ ಚಾಚಿದರೂ ಚಿಪ್ಪು ಆ ತಗ್ಗಿನೊಳಗೇ ಮೇಲೆ ಕೆಳಗೆ ಸರಿಯಬೇಕು, ಬಾವಿಯ ರಾಟೆಯಲ್ಲಿ ಹಗ್ಗ ಓಡುವ ಹಾಗೆ. ಹಗ್ಗ ಪಕ್ಕಕ್ಕೆ ಜಾರಿದರೆ ಕೊಡ ಅಲ್ಲೇ ನಿಂತುಬಿಡುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಚಿಪ್ಪು ಪಕ್ಕಕ್ಕೆ ಹೋದ ಕ್ಷಣ ತೊಡೆಯ ಸ್ನಾಯು ಎಷ್ಟು ಎಳೆದರೂ ಕಾಲು ಸರಿಯಾಗಿ ನೆಟ್ಟಗಾಗುವುದಿಲ್ಲ. ನಾಯಿ ಆ ಕಾಲು ಎತ್ತಿಕೊಂಡು ಮೂರು ಕಾಲಲ್ಲಿ ಓಡುತ್ತದೆ. ಓಡುತ್ತಲೇ ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸುತ್ತದೆ, ಚಿಪ್ಪು ವಾಪಸ್ ಕೂರುತ್ತದೆ, ನಾಲ್ಕನೇ ಕಾಲು ಮತ್ತೆ ನೆಲಕ್ಕೆ ಬರುತ್ತದೆ.

ನಮ್ಮ ಹತ್ತಿರ ಬರುವ ಮೊದಲು ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ದವಾಖಾನೆ ಟೇಬಲ್ ಮೇಲೆ ನಿಲ್ಲಿಸಿದ ತಕ್ಷಣ ಹೆದರಿಕೆಗೆ ಕುಂಟುವುದನ್ನೇ ಮರೆಯುವ ನಾಯಿಗಳು ಬಹಳ. ಪಕ್ಕದಿಂದ ಒಂದು, ಹಿಂದಿನಿಂದ ಒಂದು ವಿಡಿಯೋ ಇದ್ದರೆ ಸಾಕು.

ನಾಯಿಗೆ ಮೊಣಕಾಲು ಎಲ್ಲಿರುತ್ತದೆ?

ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿದ ಕೀಲು ಕಾಣುತ್ತದಲ್ಲ, ಎಲ್ಲರೂ ಅದನ್ನೇ ಮೊಣಕಾಲು ಅಂದುಕೊಂಡಿರುತ್ತಾರೆ. ಅದು ನಿಜಕ್ಕೂ ಹಿಮ್ಮಡಿ ಕೀಲು. ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ, ಮುಂದಕ್ಕೆ ಮುಖ ಮಾಡಿರುತ್ತದೆ. ಪೊಮೇರಿಯನ್‌ಗಳಲ್ಲಿ ಕೂದಲಲ್ಲಿ ಮುಚ್ಚಿಹೋಗಿ ಕಾಣುವುದೇ ಇಲ್ಲ. ಮುಂಗಾಲಿನಲ್ಲಿ ಈ ಚಿಪ್ಪು ಇಲ್ಲ. ಹಾಗಾಗಿ ಮುಂಗಾಲು ಕುಂಟುತ್ತಿದ್ದರೆ ಕಾರಣ ಬೇರೆ ಹುಡುಕಬೇಕು.

ಯಾಕೆ ಜಾರುತ್ತದೆ? ನಮ್ಮ ನಾಯಿ ಎಲ್ಲೂ ಬಿದ್ದಿಲ್ಲ.

ಬೀಳಬೇಕಾಗಿಯೇ ಇಲ್ಲ. ಹೆಚ್ಚಿನ ನಾಯಿಗಳಲ್ಲಿ ಇದು ಹುಟ್ಟಿನಿಂದ ಬಂದ ಕಾಲಿನ ರಚನೆಯ ತೊಂದರೆ. ಚಿಪ್ಪು ಹುಟ್ಟುವಾಗಲೇ ಜಾರಿರುತ್ತದೆ ಅಂತಲ್ಲ. ಮರಿ ಬೆಳೆಯುತ್ತಾ ಹೋದಂತೆ ತೊಡೆ ಎಲುಬು ಸ್ವಲ್ಪ ಬಾಗುತ್ತದೆ, ಕೆಳಗಿನ ಎಲುಬು ಒಳಕ್ಕೆ ತಿರುಚಿಕೊಳ್ಳುತ್ತದೆ, ಚಿಪ್ಪಿನಿಂದ ಇಳಿಯುವ ಪಟ್ಟಿ ಆ ಕೆಳಗಿನ ಎಲುಬಿಗೆ ಅಂಟಿಕೊಳ್ಳುವ ಉಬ್ಬು ನೇರ ಗೆರೆಯಲ್ಲಿ ಇರುವುದಿಲ್ಲ. ಎಳೆತ ಓರೆ ಆಗುತ್ತದೆ. ಚಿಪ್ಪು ತಗ್ಗಿನಲ್ಲಿ ಕೂತು ಒತ್ತುತ್ತಾ ಇದ್ದರೆ ತಾನೇ ತಗ್ಗು ಆಳವಾಗುವುದು? ಅದು ಹೊರಗೇ ಉಳಿದರೆ ತಗ್ಗು ಸಪಾಟಾಗಿಯೇ ಬೆಳೆಯುತ್ತದೆ. ತಗ್ಗು ಸಪಾಟಾದರೆ ಚಿಪ್ಪು ಇನ್ನೂ ಸುಲಭವಾಗಿ ಜಾರುತ್ತದೆ.

ಪೆಟ್ಟಿನಿಂದ ಜಾರುವುದೂ ಇದೆ. ಬೈಕ್ ಬಡಿದದ್ದು, ಮಾಳಿಗೆಯಿಂದ ಬಿದ್ದದ್ದು. ಅಂಥ ನಾಯಿ ಒಮ್ಮೆಲೇ, ಜೋರಾಗಿ ಕುಂಟುತ್ತದೆ, ಮೊಣಕಾಲು ಊದಿರುತ್ತದೆ, ಮುಟ್ಟಲು ಬಿಡುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಸಾಮಾನ್ಯವಾಗಿ ನೋಡಿದರೇ ಗೊತ್ತಾಗುತ್ತದೆ.

ಯಾವ ಜಾತಿಯ ನಾಯಿಗಳಿಗೆ ಜಾಸ್ತಿ?

ಪೊಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಟಾಯ್ ಪೂಡಲ್, ಪಗ್, ಶಿಹ್ ತ್ಸು, ಹೀಗೆ ಸಣ್ಣ ತಳಿಗಳಲ್ಲಿ ಜಾಸ್ತಿ. ಇವುಗಳಲ್ಲಿ ಚಿಪ್ಪು ಹೆಚ್ಚಾಗಿ ಒಳಗಡೆಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಜಾರುತ್ತದೆ. ಹೊರಗಡೆಗೆ ಜಾರುವುದು ಕಡಿಮೆ, ಅದು ಕಂಡರೆ ದೊಡ್ಡ ತಳಿಗಳಲ್ಲೇ ಹೆಚ್ಚು. ಲ್ಯಾಬ್ರಡಾರ್‌ಗಳಲ್ಲೂ ಚಿಪ್ಪು ಜಾರುವುದು ಇದೆ, ಅಷ್ಟು ಸಾಮಾನ್ಯ ಅಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಪೊಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹಳಷ್ಟು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅಸಲಿ ಪೊಮೇರಿಯನ್ ಮೂರು ಕಿಲೋ ಆಸುಪಾಸು ತೂಗುವ ಚೋಟುದ್ದದ ಪ್ರಾಣಿ. ನಿಮ್ಮದು ಆರೇಳು ಕಿಲೋ ಇದ್ದು ದಪ್ಪಗಿಲ್ಲ ಅಂದರೆ ಅದು ಸ್ಪಿಟ್ಜ್ ಇರಬಹುದು. ತೂಕದ ಲೆಕ್ಕ ಹಾಕುವಾಗ ಈ ವ್ಯತ್ಯಾಸ ಬೇಕಾಗುತ್ತದೆ. ಚಿಪ್ಪಿನ ತೊಂದರೆ ಮಾತ್ರ ಎರಡಕ್ಕೂ ಬರಬಹುದು.

ಅಳುವುದಿಲ್ಲ, ಕಿರುಚುವುದಿಲ್ಲ. ಅಂದರೆ ನೋವಿಲ್ಲ ಅಲ್ವಾ?

ಈ ಒಂದು ಮಾತಿನಿಂದಲೇ ಎಷ್ಟೋ ನಾಯಿಗಳು ತಡವಾಗಿ ಬರುತ್ತವೆ. ಓಡುತ್ತಿದೆ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಶುರುವಿನಲ್ಲಿ ಚಿಪ್ಪು ಜಾರುವ ಕ್ಷಣ ಬಿಟ್ಟರೆ ಹೆಚ್ಚು ನೋವು ಇರುವುದಿಲ್ಲ, ನಿಜ. ಆದರೆ ಪ್ರತಿ ಸಲ ಜಾರುವಾಗಲೂ ಚಿಪ್ಪಿನ ಒಳಮೈ ತಗ್ಗಿನ ಅಂಚಿಗೆ ಉಜ್ಜುತ್ತದೆ. ಅಲ್ಲಿರುವ ನುಣುಪು ಮೃದು ಎಲುಬು ಸವೆಯುತ್ತದೆ. ಒಮ್ಮೆ ಸವೆದದ್ದು ಮೊದಲಿನ ಹಾಗೆ ಬೆಳೆಯುವುದಿಲ್ಲ. ಆಮೇಲೆ ಬರುವುದು ಸಂಧಿವಾತ, ಅದಕ್ಕೆ ದಿನವಿಡೀ ನೋವು.

ನಾಯಿ ನೋವನ್ನು ಬೇರೆ ಥರ ಹೇಳುತ್ತದೆ. ಮೊದಲು ಸೋಫಾ ಮೇಲೆ ತಾನೇ ಹಾರುತ್ತಿದ್ದದ್ದು ಈಗ ಕೆಳಗೆ ನಿಂತು ಎತ್ತಿಕೋ ಅಂತ ನೋಡುತ್ತದೆ. ಕೂರುವಾಗ ಒಂದು ಕಾಲು ಪಕ್ಕಕ್ಕೆ ಚಾಚುತ್ತದೆ. ಮೊಣಕಾಲನ್ನೇ ನೆಕ್ಕುತ್ತಿರುತ್ತದೆ. ಮಕ್ಕಳು ಎತ್ತಿಕೊಳ್ಳಲು ಹೋದರೆ ಗುರ್ ಅನ್ನುತ್ತದೆ. ಮನೆಯವರು ಅದನ್ನು "ವಯಸ್ಸಾಯ್ತು, ಸಿಟ್ಟು ಜಾಸ್ತಿ ಆಗ್ಯದ" ಅಂತ ಹೇಳಿ ಬಿಟ್ಟುಬಿಡುತ್ತಾರೆ.

ಕುಂಟುವುದೆಲ್ಲಾ ಇದೇನಾ?

ಅಲ್ಲ. ಮನೆಯಲ್ಲೇ ಮೊದಲು ಪಾದ ನೋಡಿ. ನಮ್ಮ ಕಡೆ ಜಾಲಿ ಮುಳ್ಳು ಚುಚ್ಚಿಕೊಂಡು ಬರುವ ನಾಯಿಗಳಿಗೆ ಲೆಕ್ಕವಿಲ್ಲ. ಹೊಲಕ್ಕೆ ಹೋಗಿ ಬಂದದ್ದಾದರೆ ಬೆರಳ ಸಂದಿಯಲ್ಲಿ ಎರೆ ಮಣ್ಣು ಒಣಗಿ ಗಟ್ಟಿ ಉಂಡೆಯಾಗಿ ಕೂದಲಿಗೆ ಕಚ್ಚಿಕೊಂಡಿರುತ್ತದೆ. ಬಿಸಿ ನೀರಲ್ಲಿ ನೆನೆಸಿ ಬಿಡಿಸಿದರೆ ಕುಂಟು ಮಾಯ.

ಪಾದ ಸರಿಯಿದ್ದರೆ ಯೋಚನೆ ಮಾಡಬೇಕಾದ್ದು ಇನ್ನೂ ಕೆಲವು ಇವೆ. ಐದಾರು ತಿಂಗಳಿಂದ ಒಂದು ವರ್ಷದ ಒಳಗಿನ ಸಣ್ಣ ತಳಿಯ ನಾಯಿ ಬರಬರುತ್ತಾ ಜಾಸ್ತಿ ಕುಂಟುತ್ತಿದ್ದರೆ ಸೊಂಟದ ಕೀಲಿನಲ್ಲಿ ತೊಡೆ ಎಲುಬಿನ ಗುಂಡು ರಕ್ತ ಸಿಗದೆ ಕೊಳೆಯುವ ಲೆಗ್ ಪರ್ಥೆಸ್ ಅನ್ನುವ ಕಾಯಿಲೆ ಇರಬಹುದು, ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಉಣ್ಣಿ ಜ್ವರದಲ್ಲೂ ಕೀಲು ನೋವು ಬರುತ್ತದೆ. ಇವತ್ತು ಈ ಕಾಲು, ನಾಳೆ ಆ ಕಾಲು ಅಂತ ಕುಂಟು ಬದಲಾಗುತ್ತಿದ್ದು, ಊಟ ಬಿಟ್ಟು, ಮೈ ಬಿಸಿ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬರೀ ಅನ್ನ ಹಾಲು ಅಥವಾ ಬರೀ ಮಾಂಸ ತಿಂದು ಬೆಳೆದ ಮರಿಗಳ ಎಲುಬು ಮೆತ್ತಗಾಗಿ ಕಾಲು ಬಾಗುವುದೂ ಉಂಟು.

ಚಿಪ್ಪಿನ ತೊಂದರೆ ಇದ್ದ ನಾಯಿ ಇಷ್ಟು ದಿನ ಸ್ವಲ್ಪ ಸ್ವಲ್ಪ ಕುಂಟುತ್ತಿದ್ದದ್ದು, ಒಂದು ದಿನ ಕಾಲು ನೆಲಕ್ಕೇ ಇಡದೆ ಹೋದರೆ? ಮೊಣಕಾಲಿನೊಳಗೆ ಎರಡು ಎಲುಬನ್ನು ಹಿಡಿದಿಡುವ ಪಟ್ಟಿ, ಅಂದರೆ ಕ್ರೂಸಿಯೇಟ್ ಲಿಗಮೆಂಟ್ ಹರಿದಿರಬಹುದು. ವಯಸ್ಸಾದ ಮೇಲೆ ಇವೆರಡೂ ಜೊತೆಯಾಗಿ ಬರುವುದು ಅಪರೂಪವೇನಲ್ಲ. ಹೀಗಾದಾಗ ಕಾಯಬೇಡಿ.

ಒಂದನೇ ದರ್ಜೆ, ಎರಡನೇ ದರ್ಜೆ ಅಂತಾರಲ್ಲ, ಏನದು?

ಇದನ್ನು ತಿಳಿದುಕೊಳ್ಳದೆ ಯಾವ ತೀರ್ಮಾನವನ್ನೂ ಮಾಡಬೇಡಿ. ಡಾಕ್ಟರ್ ದರ್ಜೆ ಹೇಳದಿದ್ದರೆ ನೀವೇ ಕೇಳಿ. ಎರಡೂ ಕಾಲಿನದು ಬೇರೆ ಬೇರೆಯಾಗಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡೂ ಕಾಲಿಗೆ ಇರುವುದು ಬಹಳ ಸಾಮಾನ್ಯ. ಒಂದು ಕಾಲು ಜೋರಾಗಿ ಕುಂಟಿದಾಗ ಇನ್ನೊಂದು ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ. ಈಗ ಎಲ್ಲೆಡೆ ಬಳಸುವ ನಾಲ್ಕು ದರ್ಜೆಯ ವಿಂಗಡಣೆ 1960ರ ದಶಕದ ಕೊನೆಯಲ್ಲಿ ಬಂದದ್ದು.

ಒಂದನೇ ದರ್ಜೆಯಲ್ಲಿ ಚಿಪ್ಪು ತನ್ನ ಜಾಗದಲ್ಲೇ ಇರುತ್ತದೆ. ಡಾಕ್ಟರ್ ಬೆರಳಿಂದ ತಳ್ಳಿದರೆ ತಗ್ಗಿನಿಂದ ಹೊರಗೆ ಹೋಗುತ್ತದೆ, ಬಿಟ್ಟ ತಕ್ಷಣ ತಗ್ಗಿನೊಳಗೆ ಬರುತ್ತದೆ. ಲಸಿಕೆ ಹಾಕಿಸಲು ಬಂದಾಗ ಹೀಗೇ ಸಿಗುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಎರಡನೆಯದರಲ್ಲಿ ಚಿಪ್ಪು ತಾನಾಗಿಯೇ ಆಗಾಗ ಜಾರುತ್ತದೆ. ಕಾಲು ಚಾಚಿದಾಗ ಅಥವಾ ಕೈಯಿಂದ ತಳ್ಳಿದಾಗ ವಾಪಸ್ ಬರುತ್ತದೆ. ಮೇಲೆ ಹೇಳಿದ ನಾಲ್ಕು ಹೆಜ್ಜೆಯ ಕುಂಟು ಹೆಚ್ಚಾಗಿ ಇದೇ. ಇದು ದೊಡ್ಡ ದರ್ಜೆ, ಅಂದರೆ ಇದರೊಳಗೇ ತಿಂಗಳಿಗೊಮ್ಮೆ ಕುಂಟುವ ನಾಯಿಯೂ ಇದೆ, ದಿನಕ್ಕೆ ಹತ್ತು ಸಲ ಕುಂಟುವ ನಾಯಿಯೂ ಇದೆ. ಇಬ್ಬರಿಗೂ ಒಂದೇ ಔಷಧಿ ಅಲ್ಲ.

ಮೂರನೆಯದರಲ್ಲಿ ಚಿಪ್ಪು ಇರುವುದೇ ತಗ್ಗಿನ ಹೊರಗೆ. ತಳ್ಳಿದರೆ ಒಳಗೆ ಹೋಗುತ್ತದೆ, ಕೈ ಬಿಟ್ಟರೆ ಮತ್ತೆ ಹೊರಗೆ. ನಾಯಿ ಮೊಣಕಾಲು ಅರ್ಧ ಮಡಿಚಿಕೊಂಡೇ ನಡೆಯುತ್ತದೆ.

ನಾಲ್ಕನೆಯದರಲ್ಲಿ ಕೈಯಿಂದಲೂ ಒಳಗೆ ಹೋಗುವುದಿಲ್ಲ. ಎಲುಬೇ ತಿರುಚಿಕೊಂಡಿರುತ್ತದೆ. ಎರಡೂ ಕಾಲಿಗೆ ಇದ್ದರೆ ಕುಕ್ಕರಗಾಲಲ್ಲಿ ಕೂತ ಹಾಗೆಯೇ ನಡೆಯುವ ಮರಿಗಳನ್ನು ನೋಡಿದ್ದೇವೆ.

ಡಾಕ್ಟರ್ ಬರೀ ಕೈಯಲ್ಲಿ ಹಿಡಿದು ನೋಡಿದರು. ಎಕ್ಸ್‌ರೇ ಬೇಡ್ವಾ?

ದರ್ಜೆ ಹೇಳುವುದು ಕೈಯಿಂದಲೇ. ಒಂದು ಕೈಯ ಹೆಬ್ಬೆರಳು ಚಿಪ್ಪಿನ ಮೇಲೆ ಇರುತ್ತದೆ, ಇನ್ನೊಂದು ಕೈ ಪಾದ ಹಿಡಿದು ಕಾಲನ್ನು ಚಾಚಿ, ಮೆಲ್ಲಗೆ ಒಳಕ್ಕೆ ತಿರುಗಿಸುತ್ತದೆ. ಜಾರುವ ಚಿಪ್ಪಾದರೆ ಹೆಬ್ಬೆರಳ ಕೆಳಗೆ ಟಕ್ ಅಂತ ಗೊತ್ತಾಗುತ್ತದೆ. ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ ನೋಡಬೇಕು. ಎಕ್ಸ್‌ರೇ ತೆಗೆಯುವ ಹೊತ್ತಿಗೆ ಚಿಪ್ಪು ಒಳಗೆ ಕೂತಿದ್ದರೆ ಫಿಲ್ಮಿನಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಹಾಗಂತ ಎಕ್ಸ್‌ರೇ ದಂಡ ಅಲ್ಲ. ಎಲುಬು ಎಷ್ಟು ಬಾಗಿದೆ, ಸಂಧಿವಾತ ಶುರುವಾಗಿದೆಯಾ, ಸೊಂಟ ಸರಿಯಿದೆಯಾ ಅಂತ ನೋಡಲು ಅದೇ ಬೇಕು. ಆಪರೇಷನ್ ಮಾತು ಬಂದರೆ ಎಕ್ಸ್‌ರೇ ಇಲ್ಲದೆ ಮುಂದೆ ಹೋಗಬೇಡಿ.

ಮನೆಯಲ್ಲೇ ನಾವು ಕೂರಿಸಬಹುದಾ? ನಮ್ಮ ಊರಲ್ಲಿ ಎಲುಬು ಕಟ್ಟುವವರು ಇದ್ದಾರೆ.

ಎಲುಬು ಕಟ್ಟುವವರ ಹತ್ತಿರ ಈ ತೊಂದರೆಗೆ ಹೋಗಬೇಡಿ. ಇಲ್ಲಿ ಮುರಿದದ್ದು ಏನೂ ಇಲ್ಲ, ಕಟ್ಟಿ ಕೂಡಿಸಲು. ಬಿಗಿಯಾಗಿ ಪಟ್ಟಿ ಸುತ್ತಿದರೆ ತಗ್ಗು ಆಳವಾಗುವುದಿಲ್ಲ. ಪಾದ ಊದಿಕೊಂಡು, ಚರ್ಮ ಕೊಳೆತು, ಆಮೇಲೆ ಆ ಗಾಯಕ್ಕೇ ಬೇರೆ ಚಿಕಿತ್ಸೆ ಬೇಕಾಗುತ್ತದೆ.

ನಿಮ್ಮ ಡಾಕ್ಟರ್ ತೋರಿಸಿಕೊಟ್ಟಿದ್ದು, ನಾಯಿಯೂ ಸುಮ್ನೆ ಇದ್ದರೆ ಕಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿ ಸಹಾಯ ಮಾಡಬಹುದು. ಜಗ್ಗಬಾರದು. ನೋವಿರುವಾಗ ಮನೆಯ ನಾಯಿಯೂ ಕಚ್ಚುತ್ತದೆ. ಕಚ್ಚಿದರೆ "ನಮ್ಮದೇ ನಾಯಿ, ಲಸಿಕೆ ಆಗಿದೆ" ಅಂತ ಬಿಡಬೇಡಿ. ಗಾಯವನ್ನು 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ನೋವಿಗೆ ಯಾವ ಗುಳಿಗೆ ಕೊಡಲಿ? ಮನೆಯಲ್ಲಿ ಕಾಂಬಿಫ್ಲಾಮ್ ಇದೆ.

ಕೊಡಬೇಡಿ. ಅದರಲ್ಲಿರುವ ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಡೈಕ್ಲೋಫೆನ್ಯಾಕ್ ಕೂಡ ಹಾಗೇ. ಅದನ್ನು ಪ್ರಾಣಿಗಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಲ್ಲಿಸಿದರು. ಕಾರಣ ನಾಯಿಯಲ್ಲ, ರಣಹದ್ದು. ಆ ಔಷಧಿ ಕೊಟ್ಟ ದನಗಳ ಹೆಣ ತಿಂದು ಹದ್ದುಗಳು ಸಾಲುಸಾಲಾಗಿ ಸತ್ತವು. ಮೆಡಿಕಲ್ ಅಂಗಡಿಯವರಿಗೆ ನಾಯಿಗೆ ಅಂತ ಹೇಳದೆ ಮನುಷ್ಯರ ಮಾತ್ರೆ ತಂದು ಅರ್ಧ ಮುರಿದು ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಪ್ಯಾರಸಿಟಮಾಲ್ ಕೂಡ ನಿಮ್ಮ ಅಂದಾಜಿನಲ್ಲಿ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕಂತೂ ಪ್ಯಾರಸಿಟಮಾಲ್ ವಿಷವೇ, ಒಂದು ಮಾತ್ರೆ ಸಾಕು ಜೀವ ಹೋಗಲು.

ನಾಯಿಗಳಿಗೆ ಮೆಲೋಕ್ಸಿಕಾಮ್, ಕಾರ್ಪ್ರೊಫೇನ್ ಥರದ ಔಷಧಿ ಇವೆ. ತೂಕ ನೋಡಿ, ಕಿಡ್ನಿ ಸರಿಯಿದೆಯಾ ನೋಡಿ, ಇಷ್ಟೇ ದಿನ ಅಂತ ಡಾಕ್ಟರ್ ಬರೆಯುತ್ತಾರೆ. ಈ ಮಾತ್ರೆ ನಡೆಯುತ್ತಿರುವಾಗ ಬೇರೆ ಕಡೆ ಹೋಗಿ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಬಾರದು, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಬರುತ್ತದೆ. ವಾಂತಿ, ಊಟ ಬಿಡುವುದು, ಮಲ ಕಪ್ಪಗೆ ಅಂಟಂಟಾಗಿ ಬರುವುದು ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಮೊಣಕಾಲಿಗೆ ನಿಮ್ಮ ನೋವಿನ ಮುಲಾಮು ಹಚ್ಚುವುದೂ ಬೇಡ. ನಾಯಿ ಅದನ್ನೆಲ್ಲ ನೆಕ್ಕಿ ನುಂಗುತ್ತದೆ.

ಆಪರೇಷನ್ ಇಲ್ಲದೆ ಏನೂ ಮಾಡಲಿಕ್ಕೆ ಆಗಲ್ವಾ?

ಒಂದನೇ ದರ್ಜೆಗೆ, ಅಪರೂಪಕ್ಕೆ ಕುಂಟುವ ಎರಡನೇ ದರ್ಜೆಗೆ ಆಗುತ್ತದೆ. ತೂಕ, ನೆಲ, ನಡಿಗೆ, ಈ ಮೂರೇ ಮುಖ್ಯ. ಚಿಪ್ಪು ಇದರಿಂದ ಸರಿಹೋಗುವುದಿಲ್ಲ, ಆದರೆ ಸವೆತ ನಿಧಾನವಾಗುತ್ತದೆ. ಆರು ತಿಂಗಳಿಗೊಮ್ಮೆ ದರ್ಜೆ ಏರಿದೆಯಾ ಅಂತ ತೋರಿಸಿ. ಕೀಲಿಗೆ ಅಂತ ಮಾರುವ ಗ್ಲೂಕೋಸಮಿನ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರ ತೆಳು. ಸಂಧಿವಾತ ಇದ್ದರೆ ಮೀನೆಣ್ಣೆಯ ಒಮೆಗಾ-3 ಅದಕ್ಕಿಂತ ವಾಸಿ. ಆ ದುಡ್ಡಲ್ಲಿ ನಾನಾದರೆ ಮೊದಲು ನೆಲಕ್ಕೆ ಚಾಪೆ ತರುತ್ತೇನೆ.

ನಮ್ಮ ನಾಯಿ ದಪ್ಪ ಇಲ್ಲರಿ, ಕೂದಲು ಜಾಸ್ತಿ ಅಷ್ಟೇ.

ಕೂದಲೊಳಗೆ ಬೆರಳು ಹಾಕಿ ಪಕ್ಕೆಲುಬು ಮುಟ್ಟಿ ನೋಡಿ. ಒತ್ತದೇ ಒಂದೊಂದಾಗಿ ಎಣಿಸಲಿಕ್ಕೆ ಬಂದರೆ ಸರಿಯಾದ ತೂಕ. ಹುಡುಕಬೇಕಾಗಿ ಬಂದರೆ ದಪ್ಪ. ಮೇಲಿನಿಂದ ನೋಡಿದರೆ ಪಕ್ಕೆ ಮುಗಿದ ಮೇಲೆ ಸೊಂಟ ಒಳಗೆ ಹೋಗಿರಬೇಕು.

ನಮ್ಮ ಮನೆಗಳಲ್ಲಿ ನಾಯಿಗೆ ಊಟ ಹಾಕುವವರು ಒಬ್ಬರಲ್ಲ, ತೊಂದರೆ ಇರುವುದೇ ಅಲ್ಲಿ. ಬೆಳಿಗ್ಗೆ ಅಜ್ಜ ಚಹಾದಲ್ಲಿ ಅದ್ದಿ ಬಿಸ್ಕತ್ ಕೊಡುತ್ತಾರೆ. ಅವ್ವ ರೊಟ್ಟಿ ಬಡಿಯುವಾಗ ಹರಿದದ್ದು, ಸುಟ್ಟದ್ದು ಅದಕ್ಕೇ. ಮಕ್ಕಳು ಸಂಜೆ ಮಿರ್ಚಿ ಭಜಿಯ ತುದಿ ಹಾಕುತ್ತಾರೆ. ರಾತ್ರಿ ಅಪ್ಪ ತಾಟಿನಲ್ಲಿ ಉಳಿದದ್ದು. ಯಾರನ್ನು ಕೇಳಿದರೂ "ನಾನು ಸ್ವಲ್ಪೇ ಹಾಕೀನಿ" ಅನ್ನುತ್ತಾರೆ, ಅದೂ ಸುಳ್ಳಲ್ಲ. ಎಲ್ಲ ಕೂಡಿಸಿದರೆ ನಾಲ್ಕು ಕಿಲೋ ನಾಯಿಗೆ ಅದು ಎರಡು ದಿನದ ಊಟ. ಚಹಾ, ಬಿಸ್ಕತ್ ನಿಲ್ಲಿಸಿ. ದಿನದ ಊಟವನ್ನು ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ ಹಾಕಿಡಿ, ಯಾರೇ ಹಾಕಿದರೂ ಆ ಡಬ್ಬಿಯಿಂದಲೇ ಹಾಕಬೇಕು. ಜೋಳದ ರೊಟ್ಟಿ ತಿಂದರೆ ತಪ್ಪಿಲ್ಲ, ಅದು ಲೆಕ್ಕದೊಳಗೆ ಇರಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಪಲ್ಯ, ಚಟ್ನಿ ಬೇಡವೇ ಬೇಡ, ಅದರಿಂದ ನಾಯಿಯ ರಕ್ತಕಣ ಒಡೆಯುತ್ತದೆ.

2002ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಜೀವನಪೂರ್ತಿ 25% ಕಡಿಮೆ ಊಟ ಹಾಕಿದರು. ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಸಂಧಿವಾತವೂ ತಡವಾಗಿ ಬಂತು. ಚಿಪ್ಪಿನ ಮೇಲೆ ಮಾಡಿದ ಅಧ್ಯಯನ ಅಲ್ಲ ಅದು, ಆದರೆ ಕೀಲಿಗೂ ತೂಕಕ್ಕೂ ಇರುವ ಸಂಬಂಧ ಗೊತ್ತಾಗಲು ಸಾಕು.

ಕ್ಯಾಲ್ಸಿಯಂ ಟಾನಿಕ್ ಹಾಕಿದರೆ ಗಟ್ಟಿಯಾಗುತ್ತದಾ?

ಇಲ್ಲ. ಚಿಪ್ಪು ಜಾರುವುದು ಎಲುಬು ಮೆತ್ತಗಿದೆ ಅಂತಲ್ಲ. ಪ್ಯಾಕೆಟ್ ಆಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸುರಿದರೆ, ಅದರಲ್ಲೂ ದೊಡ್ಡ ತಳಿಯ ಮರಿಗಳಲ್ಲಿ, ಎಲುಬಿನ ಬೆಳವಣಿಗೆಯೇ ಕೆಡಬಹುದು. ಬರೀ ಮನೆ ಊಟ ಹಾಕುತ್ತಿದ್ದರೆ ಏನೇನು ಹಾಕುತ್ತೀರಿ ಅಂತ ಡಾಕ್ಟರಿಗೆ ಹೇಳಿ, ಬೇಕಾದರೆ ಅವರೇ ಬರೆಯುತ್ತಾರೆ.

ನೆಲ ಬದಲಾಯಿಸಬೇಕಾ?

ಒಡೆಯಬೇಕಾಗಿಲ್ಲ. ಹಳೇ ಮನೆಗಳ ಪಾಲಿಶ್ ಇಲ್ಲದ ಶಹಾಬಾದ್ ಫರಸಿ ನಾಯಿ ಕಾಲಿಗೆ ಒಳ್ಳೆಯದೇ, ಸ್ವಲ್ಪ ತರಿ ಇರುತ್ತದೆ. ಹೊಸ ಮನೆಗಳ ಹೊಳೆಯುವ ಟೈಲ್ಸೇ ಕಷ್ಟ. ಬಾಗಿಲ ಬೆಲ್ ಹೊಡೆದ ಕೂಡಲೇ ನಾಯಿ ಹಾಲ್‌ನಲ್ಲಿ ಓಡಿ ಬಂದು, ತಿರುವಿನಲ್ಲಿ ಹಿಂಗಾಲು ಎರಡೂ ಜಾರಿ ಗೋಡೆಗೆ ಹೋಗುವುದನ್ನು ನೋಡಿರುತ್ತೀರಿ. ಆ ತಿರುವಿನಲ್ಲೇ ಚಿಪ್ಪೂ ಜಾರುವುದು. ನಾಯಿ ಓಡಾಡುವ ದಾರಿಗೆ ಹಳೇ ಜಮಖಾನೆ, ನಾರಿನ ಚಾಪೆ, ರಬ್ಬರ್ ಮ್ಯಾಟ್ ಏನಾದರೂ ಹಾಸಿ. ಅಡಿಯಲ್ಲಿ ಜಾರದಂತೆ ನೋಡಿಕೊಳ್ಳಿ. ಕೌದಿ ಮಲಗಲು ಬಹಳ ಒಳ್ಳೆಯದು, ಓಡುವ ದಾರಿಗೆ ಹಾಸಿದರೆ ಅದೇ ಜಾರುತ್ತದೆ.

ಪಾದದ ಅಡಿಯ ಕೂದಲು ಕತ್ತರಿಸಿ, ಉಗುರು ಕತ್ತರಿಸಿ. ಕೂದಲು ಪಾದದ ಗಾದಿಯನ್ನು ಮುಚ್ಚಿದ್ದರೆ ನಾಯಿ ಸಾಕ್ಸ್ ಹಾಕಿಕೊಂಡು ಓಡಿದ ಹಾಗೇ ಲೆಕ್ಕ. ದಿವಾನ್ ಪಕ್ಕ ಗಟ್ಟಿಯಾದ ಒಂದು ಮಣೆ ಇಟ್ಟರೆ ಹಾರುವುದು ತಪ್ಪುತ್ತದೆ. ಸ್ಕೂಟಿಯ ಮುಂದೆ ನಾಯಿ ನಿಲ್ಲಿಸಿಕೊಂಡು ಹೋಗುವವರು, ಮನೆ ಬಂದಾಗ ಅದನ್ನು ಎತ್ತಿ ಇಳಿಸಿ. ತಾನೇ ಹಾರಲಿ ಅಂತ ಬಿಡಬೇಡಿ.

ವಾಕಿಂಗ್ ನಿಲ್ಲಿಸಬೇಕಾ?

ಬೇಡ. ತೊಡೆಯ ಸ್ನಾಯು ಬಲವಾಗಿದ್ದರೆ ಚಿಪ್ಪಿಗೆ ಆಸರೆ. ಬೆಲ್ಟ್ ಹಾಕಿ, ಸಮನೆಲದಲ್ಲಿ, ನಿಧಾನವಾಗಿ, ದಿನಾ ನಡೆಸಿ. ವಾರವಿಡೀ ಮನೆಯಲ್ಲಿ ಕೂಡಿಹಾಕಿ ಭಾನುವಾರ ಒಂದೇ ದಿನ ಮೈದಾನದಲ್ಲಿ ಚೆಂಡು ಎಸೆದು ಓಡಿಸುವುದೇ ತಪ್ಪು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಸೂರ್ಯ ಏರುವ ಮೊದಲೇ ಮುಗಿಸಿ. ಸಂಜೆ ಹೋಗುವುದಾದರೆ ಡಾಂಬರಿನ ಮೇಲೆ ನಿಮ್ಮ ಮುಂಗೈ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ.

ಆಪರೇಷನ್ ಯಾವಾಗ ಬೇಕೇಬೇಕು?

ಮೂರನೇ, ನಾಲ್ಕನೇ ದರ್ಜೆಗೆ ಸಾಮಾನ್ಯವಾಗಿ ಆಪರೇಷನ್ನೇ ಸರಿ. ಎರಡನೇ ದರ್ಜೆಯಲ್ಲಿ ಪದೇ ಪದೇ ಕುಂಟುತ್ತಿದ್ದರೆ, ನೋವು ಕಾಣುತ್ತಿದ್ದರೆ, ದರ್ಜೆ ಏರುತ್ತಿದ್ದರೆ ಆಗಲೂ ಬೇಕು. ಒಂದನೇ ದರ್ಜೆಗೆ, ಕುಂಟೇ ಇಲ್ಲದ ನಾಯಿಗೆ ಮುಂಜಾಗ್ರತೆ ಅಂತ ಯಾರಾದರೂ ಆಪರೇಷನ್ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಬೆಳೆಯುತ್ತಿರುವ ಮರಿಯಲ್ಲಿ ಜೋರು ದರ್ಜೆ ಇದ್ದರೆ ಮಾತ್ರ "ದೊಡ್ಡದಾಗಲಿ ನೋಡೋಣ" ಅನ್ನಬೇಡಿ. ತಿಂಗಳು ಕಳೆದಂತೆ ಎಲುಬು ಇನ್ನಷ್ಟು ತಿರುಚಿಕೊಳ್ಳುತ್ತದೆ, ಆಮೇಲೆ ಸರಿಮಾಡುವುದು ದುಪ್ಪಟ್ಟು ಕಷ್ಟ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಒಂದೇ ಕೆಲಸ ಅಲ್ಲ, ಎರಡು ಮೂರು ಸೇರಿಸಿ ಮಾಡುತ್ತಾರೆ. ತೊಡೆ ಎಲುಬಿನ ತಗ್ಗನ್ನು ಆಳ ಮಾಡುತ್ತಾರೆ. ಮೇಲಿನ ನುಣುಪು ಪದರವನ್ನು ಎಲುಬಿನ ತುಂಡಿನ ಸಮೇತ ಎತ್ತಿ, ಅಡಿಯಿಂದ ಸ್ವಲ್ಪ ಎಲುಬು ತೆಗೆದು, ಅದೇ ತುಂಡನ್ನು ವಾಪಸ್ ಕೂರಿಸುತ್ತಾರೆ. ಇದರಿಂದ ನುಣುಪು ಮೈ ಉಳಿಯುತ್ತದೆ. ಚಿಪ್ಪಿನ ಪಟ್ಟಿ ಅಂಟಿಕೊಂಡಿರುವ ಉಬ್ಬನ್ನು ಕತ್ತರಿಸಿ, ಪಕ್ಕಕ್ಕೆ ಸರಿಸಿ, ಸಣ್ಣ ಪಿನ್ ಹಾಕಿ ಕೂರಿಸುತ್ತಾರೆ, ಎಳೆತ ನೇರವಾಗಲಿ ಅಂತ. ಚಿಪ್ಪು ಜಾರುವ ಕಡೆಯ ಬಿಗಿ ಸಡಿಲ ಮಾಡಿ, ಇನ್ನೊಂದು ಕಡೆಯ ಸಡಿಲ ಹೊಲಿದು ಬಿಗಿ ಮಾಡುತ್ತಾರೆ. ನಾಲ್ಕನೇ ದರ್ಜೆಯಲ್ಲಿ ತೊಡೆ ಎಲುಬನ್ನೇ ಕತ್ತರಿಸಿ ನೇರ ಮಾಡಿ ಪ್ಲೇಟ್ ಹಾಕಬೇಕಾಗಬಹುದು.

ಮೂರನೇ ದರ್ಜೆಯವರೆಗೆ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ನಾಲ್ಕರಲ್ಲಿ ಅಷ್ಟು ಧೈರ್ಯವಾಗಿ ಹೇಳಲು ಬರುವುದಿಲ್ಲ. ಮತ್ತೆ ಜಾರುವುದು, ಪಿನ್ ಸರಿಯುವುದು, ಕೀವು ಆಗುವುದು ಇವೆಲ್ಲ ಆಗಬಹುದಾದ ತೊಂದರೆಗಳು. ಮೊದಲೇ ಕೇಳಿ ತಿಳಿದುಕೊಳ್ಳಿ.

ಆಪರೇಷನ್‌ಗೆ ಮೊದಲು ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸಿ. ಉಣ್ಣಿ ಜ್ವರ ಒಳಗೇ ಇದ್ದು ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತ ನಿಲ್ಲುವುದಿಲ್ಲ. ಉಣ್ಣಿ ಇಲ್ಲದ ನಾಯಿ ನಮ್ಮ ಕಡೆ ಕಡಿಮೆಯೇ.

ಎಲ್ಲಿ ಮಾಡಿಸೋದು? ಕಲಬುರಗಿಯಲ್ಲಿ ಆಗುತ್ತದಾ?

ತಾಲ್ಲೂಕಿನ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಎಮ್ಮೆ, ಕುರಿ, ಮೇಕೆ ನೋಡಲು ಇರುವಂಥವು. ಪರೀಕ್ಷೆ, ದರ್ಜೆ, ನೋವಿನ ಔಷಧಿ ಅಲ್ಲಿ ಆಗುತ್ತದೆ. ಚಿಪ್ಪಿನ ಆಪರೇಷನ್‌ಗೆ ಸಣ್ಣ ಪ್ರಾಣಿಗಳ ಎಲುಬಿನ ಕೆಲಸ ರೂಢಿ ಇರುವವರೇ ಬೇಕು. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೂ ಅಲ್ಲೇ. ಹುಮನಾಬಾದ್ ಮೇಲೆ ಹೋದರೆ ಕಲಬುರಗಿಯಿಂದ ಸುಮಾರು 110 ಕಿಲೋಮೀಟರ್. ಹೈದರಾಬಾದ್ ಸುಮಾರು 220 ಕಿಲೋಮೀಟರ್. ಅಲ್ಲಿ ರಾಜೇಂದ್ರನಗರದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಯಾದಗಿರಿಯವರು ಬಹಳ ಜನ ನೇರವಾಗಿ ಅಲ್ಲಿಗೇ ಹೋಗುತ್ತಾರೆ.

ಎಲ್ಲಿಗೇ ಹೋಗಿ, ಹೊರಡುವ ಮೊದಲು ಫೋನ್ ಮಾಡಿ ಎಲುಬಿನ ಸರ್ಜನ್ ಯಾವ ದಿನ ಇರುತ್ತಾರೆ ಕೇಳಿ. ಕಾಲೇಜುಗಳಲ್ಲಿ ರಜೆ, ಪರೀಕ್ಷೆ ಇರುತ್ತದೆ. ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಕೇಳಲು ಸಂಕೋಚ ಬೇಡ.

ಖರ್ಚು ಎಷ್ಟು?

ಒಂದು ಅಂಕಿ ಹೇಳಿದರೆ ಅದು ಸುಳ್ಳಾಗುತ್ತದೆ. ಕಾಲೇಜಿಗೂ ನಗರದ ಖಾಸಗಿ ಆಸ್ಪತ್ರೆಗೂ ಬಹಳ ಅಂತರ. ದರ್ಜೆ ಏರಿದಂತೆ ಖರ್ಚೂ ಏರುತ್ತದೆ. ಕೇಳುವಾಗ ಪರೀಕ್ಷೆ, ಅರಿವಳಿಕೆ, ಪಿನ್ನು, ಔಷಧಿ, ಆಮೇಲಿನ ಎಕ್ಸ್‌ರೇ ಎಲ್ಲ ಸೇರಿ ಎಷ್ಟು ಅಂತಲೇ ಕೇಳಿ. ಮತ್ತೆ ತೋರಿಸಲು ಹೋಗಿಬರುವ ಗಾಡಿ ಖರ್ಚನ್ನು ನೀವೇ ಸೇರಿಸಿಕೊಳ್ಳಿ.

ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ಓಡಬಹುದು?

ಓಡುವ ಮಾತು ಎರಡು ತಿಂಗಳು ಬಿಡಿ. ಎಲುಬು ಕೂಡಲು ಆರರಿಂದ ಎಂಟು ವಾರ ಬೇಕು. ಕತ್ತಿನ ಕಾಲರ್ ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ತೆಗೆಯುವಂತಿಲ್ಲ. ಪಾಪ ಅಂತ ರಾತ್ರಿ ತೆಗೆದು ಮಲಗಿಸುತ್ತಾರೆ, ಬೆಳಗಾಗುವುದರೊಳಗೆ ಹೊಲಿಗೆ ನೆಕ್ಕಿ ಬಿಚ್ಚಿರುತ್ತದೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಡಾಕ್ಟರ್ ಹೇಳಿದಷ್ಟು ಹೊತ್ತು ಇಡಬಹುದು.

ಪಂಜರ ಅಥವಾ ಸಣ್ಣ ಕೋಣೆ, ಮೂತ್ರ ಮಲಕ್ಕೆ ಮಾತ್ರ ಬೆಲ್ಟ್ ಹಾಕಿ ಹೊರಗೆ. ಮೆಟ್ಟಿಲು ಇಲ್ಲ, ಸೋಫಾ ಇಲ್ಲ. ಕಷ್ಟ ಬರುವುದು ಮೂರನೇ ವಾರಕ್ಕೆ. ನೋವು ಇಳಿದಿರುತ್ತದೆ, ನಾಯಿ ಕಾಲು ಊರುತ್ತದೆ, ಹಾರಲು ನೋಡುತ್ತದೆ. ಎಲುಬು ಇನ್ನೂ ಕೂಡಿರುವುದಿಲ್ಲ. ಆಗ ಬಿಟ್ಟರೆ ಪಿನ್ ಬಾಗುತ್ತದೆ. ಮದುವೆ, ಜಾತ್ರೆ ಅಂತ ಮನೆಯಲ್ಲಿ ನೆಂಟರು ತುಂಬುವ ಸಮಯ ಬಿಟ್ಟು ಆಪರೇಷನ್ ದಿನ ಇಟ್ಟುಕೊಳ್ಳಿ. ಎಂಟನೇ ವಾರದ ಹೊತ್ತಿಗೆ ಎಕ್ಸ್‌ರೇ ತೆಗೆಸಿ, ಕೂಡಿದೆ ಅಂದ ಮೇಲೆ ನಡಿಗೆ ನಿಧಾನವಾಗಿ ಜಾಸ್ತಿ ಮಾಡಿ.

ಹತ್ತು ವರ್ಷ ಆಗಿದೆ. ಈಗ ಆಪರೇಷನ್ ಬೇಕಾ?

ವಯಸ್ಸು ಒಂದೇ ಅಡ್ಡಿ ಅಲ್ಲ. ಹೃದಯ, ಕಿಡ್ನಿ ಸರಿಯಿದ್ದು ಕಾಲು ಊರಲು ಆಗದಷ್ಟು ನೋವಿದ್ದರೆ ಯೋಚಿಸಬಹುದು. ಜೀವನಪೂರ್ತಿ ಹೀಗೇ ನಡೆದು ಆರಾಮಾಗಿ ಇರುವ ನಾಯಿಯಾದರೆ ತೂಕ ಇಳಿಸಿ, ಚಾಪೆ ಹಾಸಿ, ನೋವಿದ್ದಾಗ ಔಷಧಿ ಕೊಟ್ಟು ಬಿಡುವುದೇ ಒಳ್ಳೆಯದು.

ಚಿಪ್ಪಿನ ತೊಂದರೆ ಇರುವ ಹೆಣ್ಣು ನಾಯಿಗೆ ಒಂದು ಸಲ ಮರಿ ಹಾಕಿಸಬಹುದಾ?

ಬೇಡ. ಆಪರೇಷನ್ ಆಗಿ ಸರಿಹೋಗಿದ್ದರೂ ಬೇಡ. ಕಾಲು ಸರಿಯಾಗಿದೆ, ವಂಶದಲ್ಲಿ ಬರುವುದು ಹಾಗೇ ಇರುತ್ತದೆ. ಗಂಡಿಗೂ ಇದೇ ಮಾತು. ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದೂ ನಿಜವಲ್ಲ.

ಮರಿ ಕೊಳ್ಳುವವರು ತಂದೆ ತಾಯಿ ಎರಡನ್ನೂ ನಡೆಸಿ ತೋರಿಸಲು ಹೇಳಿ. ಅಮೆರಿಕದಲ್ಲಿ ತಳಿ ನಾಯಿಗಳ ಚಿಪ್ಪು ಪರೀಕ್ಷೆ ಮಾಡಿ 12 ತಿಂಗಳು ತುಂಬಿದ ಮೇಲೆ ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಇಲ್ಲಿ ಮರಿ ಮಾರುವವರ ಹತ್ತಿರ ಅಂಥ ಕಾಗದ ಸಿಗುವುದು ಕಷ್ಟ. ಮರಿ ತಂದ ವಾರದೊಳಗೆ ಡಾಕ್ಟರಿಗೆ ಎರಡೂ ಮೊಣಕಾಲು ತೋರಿಸಿ, ಒಂದು ವರ್ಷ ಆದಾಗ ಮತ್ತೆ ತೋರಿಸಿ. "ಟೀ ಕಪ್" ಅಂತ ಹೇಳಿ ಅಂಗೈಯಗಲದ ಮರಿಗೆ ದುಬಾರಿ ಬೆಲೆ ಹೇಳಿದರೆ ಎದ್ದು ಬನ್ನಿ.

ಅದೇ ದಿನ ಡಾಕ್ಟರ ಹತ್ತಿರ ಓಡಬೇಕಾದ್ದು ಯಾವಾಗ?

ಕಾಲು ಪೂರ್ತಿ ಎತ್ತಿಕೊಂಡು ಒಂದು ದಿನವಾದರೂ ಊರದಿದ್ದರೆ. ಮೊಣಕಾಲು ಊದಿದ್ದರೆ, ಗಾಡಿ ಬಡಿದಿದ್ದರೆ, ಮುಟ್ಟಿದರೆ ಕಿರುಚಿದರೆ. ಎರಡೂ ಹಿಂಗಾಲು ಒಟ್ಟಿಗೆ ಸೋತು ಎಳೆದುಕೊಂಡು ಹೋಗುತ್ತಿದ್ದರೆ ಅದು ಚಿಪ್ಪಿನದಲ್ಲ, ಬೆನ್ನುಹುರಿಯದು ಇರಬಹುದು. ಆಗ ಸಂಜೆಯವರೆಗೂ ಕಾಯಬೇಡಿ. ಹಲಗೆ ಅಥವಾ ಗಟ್ಟಿ ರಟ್ಟಿನ ಮೇಲೆ ಮಲಗಿಸಿ, ಬೆನ್ನು ಬಾಗದ ಹಾಗೆ ಎತ್ತಿಕೊಂಡು ಬನ್ನಿ. ಅರಿವಳಿಕೆ ಕೊಡಬೇಕಾಗಬಹುದು, ಹೊರಡುವ ಮೊದಲು ಏನೂ ತಿನ್ನಿಸಬೇಡಿ.